ಜೈನಾಬೀ ಕೊಟ್ಟ ಹೇಳಿಕೆ

ಮಸ್ಕಿಯ ಹಳೇ ಬಜಾರಿನ ಹಿಂದಿನ ಓಣಿಯಲ್ಲಿ ಜೈನಾಬೀ ಕೌದಿ ಹೊಲಿದು ಬದುಕುತ್ತಿದ್ದಳು. ಅವಳ ಕೌದಿಗೆ ಮುದಗಲ್ಲಿನಿಂದಲೂ ಗಿರಾಕಿಗಳು ಬರುತ್ತಿದ್ದರು. ಹರಕು ಸೀರೆ, ಧೋತರ, ಲುಂಗಿ, ಏನು ತಂದುಕೊಟ್ಟರೂ ಬೆರಳಿನಿಂದ ಸವರಿ, ಗಟ್ಟಿ ಉಳಿದ ಭಾಗ ಯಾವುದೆಂದು ನೋಡಿ, ಮಿಕ್ಕಿದ್ದನ್ನು ಕತ್ತರಿಸಿ ಬಿಸಾಡುತ್ತಿದ್ದಳು. ಮಾತು ಕಡಿಮೆ. ಬಳೆ ಮಾರುವ ಬಾಬುಸಾಬನ ತಂಗಿ, ಒಬ್ಬನೇ ಮಗನನ್ನು ಓದಿಸುತ್ತಾಳೆ, ಪೊಲೀಸ್ ಆ್ಯಕ್ಷನ್ ಆದ ವರ್ಷ ಸಿಂಧನೂರು ಕಡೆಯಿಂದ ಬಂದವಳು ಎಂಬಷ್ಟು ಮಾತ್ರ ಓಣಿಯವರಿಗೆ ಗೊತ್ತಿತ್ತು. ಗಂಡನಿಗೆ ಏನಾಯಿತೆಂದು ಯಾರೂ ಕೇಳಲಿಲ್ಲ. ಆ ವರ್ಷ ಬಂದ ಹೆಂಗಸರನ್ನು ಅದೊಂದನ್ನು ಯಾರೂ ಕೇಳುತ್ತಿರಲಿಲ್ಲ.

ಗಂಡನ ಊರು ಜಾಲಿಮರಡಿ. ತುರ್ವಿಹಾಳ ದಾಟಿ, ಎರೆ ಹೊಲಗಳ ನಡುವೆ ಬಂಡಿದಾರಿ ಹಿಡಿದು ಹೋದರೆ ಸಿಗುವ ಸಣ್ಣ ಊರು. ಹುಸೇನ್‌ಸಾಬ್‌ಗೆ ಅಲ್ಲಿ ಅಜ್ಜನ ಕಾಲದ ಹೊಲವಿತ್ತು. ಹೊಲದಲ್ಲಿ ಸಿಹಿನೀರಿನ ಬಾವಿ. ಪಕ್ಕದ ಹೊಲ ಊರ ಪಟೇಲ ಅಮರಗುಂಡಪ್ಪನದು. ಇಬ್ಬರೂ ಪಾಳಿ ಹಚ್ಚಿ ಅದೇ ಬಾವಿಯ ನೀರು ಹರಿಸಿಕೊಳ್ಳುತ್ತಿದ್ದರು. ಹುಸೇನ್‌ಸಾಬ್ ಪಟೇಲನನ್ನು ಅಣ್ಣಾ ಎನ್ನುತ್ತಿದ್ದ, ಪಟೇಲನ ಮನೆಯ ಹಿತ್ತಾಳೆ ಲೋಟದಲ್ಲೇ ನೀರು ಕುಡಿಯುತ್ತಿದ್ದ.

ನಲವತ್ತೆಂಟರ ಬೇಸಿಗೆಯಲ್ಲಿ ನಿಜಾಮನ ಪರವಾದ ರಜಾಕಾರರ ದಂಡೊಂದು ಊರಿಗೆ ನುಗ್ಗಿ ಪಟೇಲನ ಹತ್ತಿ ರಾಶಿಗೆ ಬೆಂಕಿ ಇಟ್ಟಿತು. ಅಡ್ಡ ಬಂದ ಅವನ ತಮ್ಮನನ್ನು ಬಂದೂಕಿನ ಹಿಡಿಯಿಂದ ಬಡಿದುಹಾಕಿತು. ತಮ್ಮ ನಾಲ್ಕಾರು ದಿನ ನರಳಿ ಸತ್ತ. ಮಣ್ಣಿಗೆ ಹೋದವರಲ್ಲಿ ಹುಸೇನ್‌ಸಾಬನೂ ಇದ್ದ. ಪಟೇಲ ಅವನತ್ತ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು. ನಿಜಾಮನ ಆಳ್ವಿಕೆ ಒಂದೇ ವಾರದಲ್ಲಿ ಮುಗಿಯಿತು. ಊರು ಸುಟ್ಟ ರಜಾಕಾರರು ಓಡಿಹೋದರು. ಸಿಕ್ಕಿಬಿದ್ದವರು ಓಡುವ ಕಾರಣವೇ ಇಲ್ಲವೆಂದು ಮನೆಯಲ್ಲಿ ಕೂತಿದ್ದವರು. ಒಂದು ದಿನ ಮಧ್ಯಾಹ್ನದ ಹೊತ್ತು ಜನ ಹುಸೇನ್‌ಸಾಬನ ಮನೆಯತ್ತ ಬರುತ್ತಿದ್ದುದನ್ನು ನೆರೆಮನೆಯ ಯಮನೂರಮ್ಮ ಓಡಿಬಂದು ಹೇಳಿದಳು. ಜೈನಾಬೀ ಹನ್ನೆರಡರ ಮಗ ರಹಿಮಾನನ ಕೈ ಹಿಡಿದು ಹಿತ್ತಲ ಬಾಗಿಲಿಂದ ಸಜ್ಜೆ ಹೊಲಕ್ಕೆ ಇಳಿದಳು. ಹುಸೇನ್‌ಸಾಬ್ ಬರಲಿಲ್ಲ. "ಅಣ್ಣ ಅದಾನ, ಮಾತಾಡ್ತೀನಿ," ಎಂದು ಮುಂಬಾಗಿಲಿಗೆ ಹೋದ.

ಸಜ್ಜೆ ಆಳೆತ್ತರ ಬೆಳೆದಿತ್ತು. ಅವಳು ಮಗನನ್ನು ಕವುಚಿ ಮಲಗಿಸಿ, ಅವನ ಮುಖವನ್ನು ಹಸಿ ಮಣ್ಣಿಗೆ ಒತ್ತಿ ಹಿಡಿದು, ತಾನು ಮಾತ್ರ ದಂಟುಗಳ ಸಂದಿಯಿಂದ ನೋಡಿದಳು. ಬಡಿದವರು ಪಟೇಲನ ಆಳುಗಳು. ಪಟೇಲ ಕೆಂಪು ರುಮಾಲು ಸುತ್ತಿಕೊಂಡು, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಹುಸೇನ್‌ಸಾಬ್ "ಅಣ್ಣಾ" ಎಂದು ಒಂದು ಸಲ ಕೂಗಿದ. "ಮುಗಸ್ರಿ ಬೇಗ," ಎಂದ ಪಟೇಲ. ಹೊಲದ ಬದುವಿನಿಂದ ಆಳುಗಳಿಗೆ ಕೆಲಸ ಹೇಳುವಾಗಿನ ದನಿಯೇ ಅದು.

ಮೂರನೆಯ ದಿನ ತಾಯಿ ಮಗ ಮಸ್ಕಿ ಸೇರಿದರು. ಅಪ್ಪನನ್ನು ಕೊಂದವರು ಯಾರೆಂದು ರಹಿಮಾನ್ ಕೇಳಿದಾಗ ಅವಳು, "ಯಾರೋ ಹೊರಗಿನವ್ರು. ಮಾರಿ ಕಾಣಲಿಲ್ಲ," ಎಂದಳು. ಅವನು ಮತ್ತೆ ಕೇಳಲಿಲ್ಲ. ಹುಡುಗ ದೊಡ್ಡವನಾದ ಮೇಲೆ ಕುಡಗೋಲು ಹಿಡಿದು ಜಾಲಿಮರಡಿಗೆ ಹೋಗಿ ತಾನೂ ಸತ್ತಾನು ಎಂಬ ಭಯ ಅವಳಿಗೆ. ಆ ಸುಳ್ಳನ್ನು ಅವಳು ಅವನ ಜೀವ ಕಾಯಲು ಹೇಳಿದ್ದಳು.

ಹುಡುಗ ಕುಡಗೋಲು ಹಿಡಿಯುವ ಜಾತಿಯವನಾಗಿರಲಿಲ್ಲ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಲೆಕ್ಕದ ಶಿವಶರಣಪ್ಪ ಮಾಸ್ತರರು ಅವನನ್ನು ಹಿಡಿದುಕೊಂಡರು. ಉರ್ದುವಿನಲ್ಲಿ ಕಲಿತದ್ದೆಲ್ಲ ರಾತ್ರೋರಾತ್ರಿ ಬೇಡವಾಗಿ, ಇಂಗ್ಲಿಷಿನಲ್ಲಿ ಮೊದಲಿನಿಂದ ಕಲಿಯಬೇಕಾಗಿ ಬಂದ ಕಾಲ ಅದು. ಅವನ ಜೊತೆಯ ಹುಡುಗರು ಒಬ್ಬೊಬ್ಬರಾಗಿ ಶಾಲೆ ಬಿಟ್ಟು ಸೈಕಲ್ ಅಂಗಡಿ, ಹೋಟೆಲು ಸೇರಿದರು. ರಹಿಮಾನ್ ಬಿಡಲಿಲ್ಲ. ಗುಲ್ಬರ್ಗದಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಗಣಿತದಲ್ಲಿ ಕಾಲೇಜಿಗೇ ಮೊದಲು ಬಂದ.

ಅದಕ್ಕೂ ಮುಂಚೆ ಒಂದು ರಜೆಯಲ್ಲಿ ತುಂಗಭದ್ರೆಯ ಕಾಲುವೆಗೆ ಅಳತೆ ಮಾಡುವವರು ಮಸ್ಕಿಯ ಹತ್ತಿರ ಡೇರೆ ಹಾಕಿದ್ದರು. ರಹಿಮಾನ್ ದಿನಾ ಹೋಗಿ ನಿಲ್ಲುತ್ತಿದ್ದ. ಒಬ್ಬ ಇಂಜಿನಿಯರ್ ಅವನಿಗೆ ಮೂರು ಕಾಲಿನ ದುರ್ಬೀನಿನಲ್ಲಿ ನೋಡಲು ಬಿಟ್ಟ. ಮನೆಗೆ ಬಂದು ತಾಯಿಗೆ ಹೇಳಿದ: "ಅದರಾಗ ಮಂದಿ ತಲಿ ಕೆಳಗ ಮಾಡಿ ನಡೀತಾರ ಅಮ್ಮಾ. ಗೌಡ, ಸಾಹುಕಾರ ಎಲ್ಲಾರೂ. ನೋಡಾವ ಮಾತ್ರ ನೆಟ್ಟಗ ನಿಂತಿರ್ತಾನ." ಜೈನಾಬೀ ಆ ವರ್ಷ ನಕ್ಕದ್ದು ಅದೊಂದೇ ಸಲ ಇರಬೇಕು.

ಐವತ್ನಾಲ್ಕರ ಜೂನಿನಲ್ಲಿ ಶಿವಶರಣಪ್ಪ ಮಾಸ್ತರರು ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜಿನ ಅರ್ಜಿ ತರಿಸಿಕೊಟ್ಟರು. ಇಡೀ ಸಂಸ್ಥಾನದ ಬುದ್ಧಿವಂತ ಹುಡುಗರೆಲ್ಲ ಕೈಬೆರಳೆಣಿಕೆಯ ಜಾಗಗಳಿಗೆ ಮುಗಿಬೀಳುವ ಕಾಲೇಜು. "ಅಂಕಕ್ಕೇನು ಚಿಂತಿಲ್ಲ," ಎಂದರು ಮಾಸ್ತರರು. "ಆದ್ರ ಮುಲ್ಕಿ ಸರ್ಟಿಫಿಕೇಟ್ ಇಲ್ಲದ ಅರ್ಜಿ ತಗದೂ ನೋಡಂಗಿಲ್ಲ." ಮುಲ್ಕಿ ಎಂದರೆ ಈ ಸಂಸ್ಥಾನದ ನೆಲದವನೇ ಎಂಬ ಸರ್ಕಾರದ ಮಾತು. ಮಸ್ಕಿಯಲ್ಲಿ ಅವರು ಇದ್ದದ್ದು ಬರೀ ಆರು ವರ್ಷ, ಅದು ಸಾಲದು. ಅಪ್ಪನ ಊರಿನಿಂದಲೇ ತರಬೇಕು. ಸಿಂಧನೂರಿನ ತಹಸೀಲಿನಲ್ಲಿ ವಿಚಾರಿಸಿದರೆ ಗುಮಾಸ್ತ, "ಊರ ಪಟೇಲ ಬಂದು ಸಾಕ್ಷಿ ಹೇಳ್ಬೇಕು. ತಾಯಿ ಹೇಳಿಕೆ ಕೊಡ್ಬೇಕು," ಎಂದ.

ರಹಿಮಾನ್ ಬಂದು ಹೇಳಿದಾಗ ಜೈನಾಬೀ ಸೂಜಿ ಕೆಳಗಿಟ್ಟಳು. "ಬ್ಯಾರೆ ಯಾರೂ ಆಗಂಗಿಲ್ಲೇನು?"

"ಊರಿಗೆ ಒಬ್ಬನ ಪಟೇಲ ಅಲ್ಲೇನಮ್ಮಾ."

ಇಬ್ಬರೂ ಜಾಲಿಮರಡಿಗೆ ಹೋದರು. ಆರು ವರ್ಷಗಳ ಮೇಲೆ ಅವಳು ಆ ಊರಿನ ಅಗಸಿಬಾಗಿಲು ದಾಟಿದಳು. ತನ್ನ ಮನೆಯ ಬಾಗಿಲಲ್ಲಿ ಪಟೇಲನ ಎತ್ತುಗಳು ಕಟ್ಟಿದ್ದವು. ನೆರೆಯ ಯಮನೂರಮ್ಮ ಹೊರಗೆ ಬಂದು ನಿಂತು, ಹೇಗಿದ್ದೀ ಎಂದು ಕೇಳುವ ಬದಲು, "ನಿನ್ನ ಬೀಸೋಕಲ್ಲು ನಾ ಇಟ್ಕೊಂಡೀನಿ. ಇಲ್ಲಂದ್ರ ಯಾರರ ಒಯ್ತಿದ್ರು," ಎಂದಳು. ಜೈನಾಬೀ ತಲೆಯಾಡಿಸಿ ಮುಂದೆ ನಡೆದಳು.

ಪಟೇಲ ಪಡಸಾಲೆಯ ಕಂಬಕ್ಕೊರಗಿ ಎಲೆ ಹಾಕಿಕೊಳ್ಳುತ್ತಿದ್ದ. ತುಸು ಮುಪ್ಪಾಗಿದ್ದ. "ಯಾರವಾ?" ಎಂದ.

"ಹುಸೇನ್‌ಸಾಬರ ಮನಿಯಾಕಿರಿ."

"ಯಾವ ಹುಸೇನ್‌ಸಾಬ?"

ರಹಿಮಾನ್ ಅಪ್ಪನ ಹೆಸರು, ಅಜ್ಜನ ಹೆಸರು, ಹೊಲದ ಗುರುತು ಹೇಳಿದ. ಪಟೇಲ ಸುಣ್ಣದ ಡಬ್ಬಿ ಮುಚ್ಚಿ, "ಹಾಂ, ಬಾವಿ ಹುಸೇನ. ಅಂವಾ ಪಾಕಿಸ್ತಾನಕ್ಕ ಹೋದ ಅಂತ ಸುದ್ದಿ ಇತ್ತಲ್ಲ," ಎಂದ.

"ಹೋಗಿಲ್ರಿ. ಗಲಾಟ್ಯಾಗ ಸತ್ರು," ಎಂದ ರಹಿಮಾನ್.

ಪಟೇಲ ಮೊದಲ ಸಲ ಹುಡುಗನನ್ನು ನೆಟ್ಟಗೆ ನೋಡಿದ. ಆಮೇಲೆ ತಾಯಿಯನ್ನು ನೋಡಿದ. ಅವಳು ಕಣ್ಣು ಕೆಳಗೆ ಹಾಕಿದಳು. ಹುಡುಗನಿಗೆ ಏನೂ ಹೇಳಿಲ್ಲವೆಂದು ಅವನಿಗೆ ಅಷ್ಟರಿಂದಲೇ ತಿಳಿಯಿತು. ಅವನ ಮುಖ ಸಡಿಲಾಯಿತು. ಒಳಗೆ ಕೂಗಿ ಚಹಾ ತರಿಸಿದ. ಕಿವಿ ಮುರಿದ ಎರಡು ಕಪ್ಪುಗಳಲ್ಲಿ ಚಹಾ ಬಂತು.

"ನೋಡು ತಮ್ಮಾ," ಎಂದ. "ಕೊಂದ್ರು ಅಂತ ಬರಸಿದ್ರ, ಯಾರು ಕೊಂದ್ರು ಅಂತ ಕೇಳ್ತಾರ. ಪೊಲೀಸರು ಬರ್ತಾರ, ಪಂಚನಾಮಿ ಆಗತೈತಿ. ಅಷ್ಟರಾಗ ನಿನ್ನ ಕಾಲೇಜಿನ ತಾರೀಖು ಹೋಗಿರತೈತಿ. ಪಾಕಿಸ್ತಾನ ಅಂದ್ರ ನೀ ಮುಲ್ಕಿನ ಆಗಂಗಿಲ್ಲ. ಗಲಾಟಿಗಿಂತ ಮೊದಲ ಕಾಲರಾದಾಗ ಸತ್ತ ಅಂದ್ರ ಎಲ್ಲಾ ಸಸಾರ. ನಾನೂ ಬಂದು ಸಾಕ್ಷಿ ಹೇಳ್ತೀನಿ." ಎಲೆಯ ರಸ ಉಗುಳಿ ಬಂದು ಕೂತು ಇನ್ನೊಂದು ಮಾತು ಸೇರಿಸಿದ. "ಹೊಲ, ಬಾವಿ ಎರಡೂ ಹುಸೇನ ಬದುಕಿದ್ದಾಗನ ನನಗ ಬಿಟ್ಟುಕೊಟ್ಟಿದ್ದ ಅಂತ ಅದರಾಗನ ಒಂದು ಸಾಲು ಬರಸ್ರಿ. ನಾಳೆ ಯಾರಿಗೂ ತಕರಾರು ಬ್ಯಾಡ."

ಜೈನಾಬೀ ಚಹಾ ಮುಟ್ಟಲಿಲ್ಲ. ರಹಿಮಾನ್ ಕುಡಿದ.

ಮಸ್ಕಿಗೆ ಬಂದ ಮೇಲೆ ಅವಳು, "ಬ್ಯಾಡ ಬೇಟಾ. ಗುಲ್ಬರ್ಗದಾಗನ ಬಿ.ಎಸ್ಸಿ. ಓದು, ಮಾಸ್ತರ ಆಗು," ಎಂದಳು. ಅವನು ಗೋಡೆಗೆ ಮುಖ ಮಾಡಿ ಮಲಗಿದ. ಮರುದಿನ ಊಟ ಮಾಡಲಿಲ್ಲ. ಅದರ ಮರುದಿನವೂ ಮಾಡಲಿಲ್ಲ. ಬಾಬುಸಾಬ್ ಬಳೆಯ ಪೆಟ್ಟಿಗೆ ಇಳಿಸಿ ತಂಗಿಯ ಎದುರು ಕೂತ. "ಸತ್ತವ್ರು ಹೆಂಗ ಸತ್ರೇನವಾ. ಹೊಲ ಹೆಂಗೂ ಬರಂಗಿಲ್ಲ. ಹುಡುಗನ ನಸೀಬು ಯಾಕ ಕೆಡಸ್ತಿ?"

"ನಿನಗ ತಿಳಿಯಂಗಿಲ್ಲ ಭಾಯಿ."

"ಏನು ತಿಳಿಯಂಗಿಲ್ಲ, ಹೇಳು."

ಆಗ ರಹಿಮಾನ್ ಮಲಗಿದಲ್ಲಿಂದಲೇ ಎದ್ದು ಕೂತು ಮಾತಾಡಿದ. ದನಿ ಏರಿಸಲಿಲ್ಲ. "ಅಪ್ಪ ಒಂದು ಸಲ ಸತ್ತ. ಅವನ ಸಲುವಾಗಿ ನಾ ದಿನಾ ಸಾಯ್ಬೇಕಂತಿ ಏನು? ಕಾಲರಾ ಅನ್ನು. ಒಂದು ಶಬ್ದ ಅದು. ಅಷ್ಟೂ ಆಗಂಗಿಲ್ಲಾಂದ್ರ ಇಷ್ಟು ವರ್ಷ ನನ್ನ ಯಾಕ ಓದಿಸಿದಿ?"

ಕೊಂದವರು ಯಾರೆಂದು ಗೊತ್ತಿಲ್ಲದೆ ಆಡಿದ ಮಾತು ಅದು, ಗೊತ್ತಿದ್ದರೆ ಆಡುತ್ತಿರಲಿಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಹಾಗೆ ಹೇಳಿಕೊಂಡು ಎದ್ದು ರೊಟ್ಟಿ ಬಡಿದಳು. ಅವನು ಉಂಡ.

ತಹಸೀಲು ಕಚೇರಿಯಲ್ಲಿ ಆ ದಿನ ಜನ ಕಿಕ್ಕಿರಿದಿದ್ದರು. ಪಟೇಲ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮೊದಲೇ ಬಂದಿದ್ದ. ಗುಮಾಸ್ತ ಕೇಳುತ್ತ ಹೋದ, ಜೈನಾಬೀ ಹೇಳುತ್ತ ಹೋದಳು. ಗಂಡ ಹುಸೇನ್‌ಸಾಬ್, ಮಾವನೂ ಅಲ್ಲೇ ಹುಟ್ಟಿದವನು, ಮಗ ಅಲ್ಲೇ ಹುಟ್ಟಿದವನು. ಹೊಲ ಗಂಡ ಇದ್ದಾಗಲೇ ಪಟೇಲರಿಗೆ ಬಿಟ್ಟದ್ದು. ಗಂಡ ಸತ್ತದ್ದು ಕಾಲರಾದಿಂದ.

"ಎಷ್ಟು ದಿನ ಬ್ಯಾನಿ ಇತ್ತು?" ಎಂದು ಕೇಳಿದರು ಎದುರಿಗೆ ಕೂತ ತಹಸೀಲ್ದಾರರು, ಬೇರೊಂದು ಕಡತ ತಿರುವುತ್ತಲೇ.

"ಒಂದ ದಿನರಿ," ಎಂದ ಪಟೇಲ, ಅವಳು ಬಾಯಿ ತೆರೆಯುವ ಮೊದಲೇ. "ಮುಂಜಾನಿ ಹತ್ತಿತು, ಸಂಜಿಗೆ ಹೋದ. ನಾನ ಮುಂದ ನಿಂತು ಎಲ್ಲಾ ಮಾಡಸೀನಿ. ತಮ್ಮನಂಗ ಇದ್ದ."

"ದಫನ್ ಎಲ್ಲಿ ಆತು?"

ಈ ಪ್ರಶ್ನೆ ಯಾರೂ ಎಣಿಸಿರಲಿಲ್ಲ. ಜೈನಾಬೀಗೆ ಅದರ ಉತ್ತರ ನಿಜವಾಗಿಯೂ ಗೊತ್ತಿರಲಿಲ್ಲ. ಆರು ವರ್ಷ ಅವಳು ತನ್ನನ್ನು ಕೇಳಿಕೊಂಡಿದ್ದ ಪ್ರಶ್ನೆ ಅದೊಂದೇ. ಅವಳು ಪಟೇಲನತ್ತ ತಿರುಗಿದಳು.

"ಹಳ್ಳದ ದಂಡಿಗಿರಿ," ಎಂದ ಪಟೇಲ ಸಲೀಸಾಗಿ. "ದೊಡ್ಡ ಹುಣಸಿ ಮರದ ಬುಡಕ."

ಗುಮಾಸ್ತ ಬರೆದುಕೊಂಡ. ಅವಳು ಮೇಜಿನ ಅಂಚು ಹಿಡಿದಳು. ಹಳ್ಳದ ದಂಡೆಗೆ ಹುಣಸೆ ಮರ ಇದ್ದದ್ದು ಅವಳಿಗೆ ಗೊತ್ತಿತ್ತು. ಇವನು ಹೇಳಿದ್ದು ಖರೆಯೋ, ಬಾಯಿಗೆ ಬಂದದ್ದೋ? ಕೇಳಬೇಕೆಂದರೆ ಅಲ್ಲಿ ಕೇಳುವ ಹಾಗಿರಲಿಲ್ಲ. ಗಂಡನನ್ನು ತಾನೇ ಹೂಳಿದವಳ ಹಾಗೆ ತಲೆಯಾಡಿಸಬೇಕಿತ್ತು. ತಲೆಯಾಡಿಸಿದಳು. ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ರಹಿಮಾನ್ ಬಗ್ಗಿ ಅವಳ ಕೈ ಹಿಡಿದು ಒತ್ತಿಸಿದ, ಮಸಿ ಹರಡದಂತೆ.

ಸರ್ಟಿಫಿಕೇಟು ಸಿಕ್ಕಿತು. ಅರ್ಜಿ ಹೋಯಿತು. ಮಾವನ ಕೋಟು ತೊಟ್ಟು ರಹಿಮಾನ್ ಹೈದರಾಬಾದಿಗೆ ಸಂದರ್ಶನಕ್ಕೆ ಹೋಗಿಬಂದ. ಜುಲೈ ಮುಗಿಯುವ ಮೊದಲೇ ಸುದ್ದಿ ಬಂತು, ಜಾಗ ಸಿಕ್ಕಿತ್ತು. ಲಿಂಗಸುಗೂರಿನಲ್ಲಿ ಶಿವಶರಣಪ್ಪ ಮಾಸ್ತರರು ಶಾಲೆಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಅವನ ಹೆಸರು ಹೇಳಿದರಂತೆ. ರಹಿಮಾನ್ ಪೇಡೆ ತಂದ. ಪೊಟ್ಟಣ ಅರ್ಧ ಖಾಲಿಯಾಗಿತ್ತು.

"ಯಾರಿಗೆ ಕೊಟ್ಟಿ?" ಎಂದಳು ತಾಯಿ.

"ಪಟೇಲರಿಗೆ. ಮೊದಲ ಅಲ್ಲಿಗೆ ಹೋಗಿದ್ದೆ. ನಾಳೆ ಮತ್ತ ಅವರ ಸಹಿ ಬೇಕಾಗತೈತಿ."

ಅವಳು ತನ್ನ ಪಾಲಿನ ಪೇಡೆಯನ್ನು ಓಣಿಯ ಮಕ್ಕಳಿಗೆ ಹಂಚಿದಳು.

ಮಗ ಹೈದರಾಬಾದಿಗೆ ಹೋದ ಮೇಲೆ ಅವಳು ಒಬ್ಬಳೇ ಜಾಲಿಮರಡಿಯ ಹಳ್ಳಕ್ಕೆ ಹೋದಳು. ಹುಣಸೆ ಮರದ ಬುಡದಲ್ಲಿ ನೆಲ ತುಸು ತಗ್ಗಾಗಿತ್ತು. ಮಳೆಗೆ ಹಾಗಾಗಿರಬಹುದು. ಅವಳಿಗೆ ಅಷ್ಟು ಸಾಕಾಯಿತು. ಕೂತು ಫಾತಿಹಾ ಓದಿದಳು, ಬರುವಾಗ ಒಂದು ಹಿಡಿ ಮಣ್ಣು ಸೆರಗಿಗೆ ಕಟ್ಟಿಕೊಂಡು ಬಂದಳು. ಸುಳ್ಳು ಹೇಳಿದ್ದಕ್ಕೆ ಇಷ್ಟಾದರೂ ಸಿಕ್ಕಿತು ಎಂದು ಆ ದಿನ ಅವಳಿಗೆ ಅನ್ನಿಸಿತು. ಆಮೇಲೆ ಬಿಡುವು ಸಿಕ್ಕಾಗೆಲ್ಲ ಹೋಗುತ್ತಿದ್ದಳು. ಎರಡನೆಯ ವರ್ಷ ಹೋದಾಗ ಅಲ್ಲಿ ಒಂದು ಉದ್ದನೆಯ ಕಲ್ಲು ನೆಟ್ಟಿತ್ತು. ಗುರುತಿಗೆ ಇರಲಿ ಎಂದು ಪಟೇಲ ತನ್ನ ಆಳಿನಿಂದ ನೆಡಿಸಿದ್ದ. ಕೊಂದವನೇ ನೆಡಿಸಿದ ಕಲ್ಲು ಎಂದು ಅವಳು ಅದನ್ನು ಮೊದಲು ಮುಟ್ಟಲಿಲ್ಲ. ಕ್ರಮೇಣ ಅದಕ್ಕೆ ಸುಣ್ಣ ಬಳಿದಳು. ಕಲ್ಲಿಗೆ ಯಾರ ಕೈ ಹತ್ತಿದರೇನು, ಕೆಳಗೆ ಮಲಗಿದವನು ತನ್ನವನಲ್ಲವೇ.

ಐವತ್ತಾರರ ಮೇ ತಿಂಗಳಿನಲ್ಲಿ ಅವಳು ಆ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದಾಗ ಯಮನೂರಮ್ಮ ಎಮ್ಮೆ ಹೊಡೆದುಕೊಂಡು ಬಂದಳು. ಆ ವರ್ಷ ಪಟೇಲ ಅವಳನ್ನು ಹೊಲದ ಕೆಲಸದಿಂದ ಬಿಡಿಸಿ, ಗುಡಿಸಲನ್ನೂ ಕೀಳಿಸಿದ್ದ. ಸಿಟ್ಟು ಅವಳ ಮೈಯೆಲ್ಲ ತುಂಬಿತ್ತು. ಸುಣ್ಣದ ಗಡಿಗೆಯನ್ನು ನೋಡಿ ನಿಂತಳು.

"ಯಾರಿಗೆ ಬಳೀಲಾಕತ್ತಿ ಅದನ್ನ?"

"ನಿನಗ ಗೊತ್ತಿಲ್ಲೇನು?"

"ನನಗ ಗೊತ್ತೈತಿ. ನಿನಗ ಗೊತ್ತಿಲ್ಲ," ಎಂದಳು ಯಮನೂರಮ್ಮ. "ಇಲ್ಲಿ ಯಾರೂ ಇಲ್ಲ. ನಿನ್ನ ಗಂಡನ್ನ ಹುಗಿದಿಲ್ಲ ಬೇ. ಅಗಸಿ ಬಾಜೂಕ ಪಟೇಲಂದು ಹಗೇವು ಇತ್ತಲ್ಲ, ನೆಲದಾಗ ತೋಡಿ ಜ್ವಾಳ ತುಂಬೋದು, ಅದರಾಗ ಹಾಕಿ ಮ್ಯಾಲೆ ಕಲ್ಲು ತುಂಬಿದ್ರು. ಈಗ ಅದರ ಮ್ಯಾಲೆ ಬಂಡಿ ಓಡಾಡ್ತಾವ. ಇಡೀ ಊರಿಗೆ ಗೊತ್ತೈತಿ. ನೀ ಇಲ್ಲಿ ಬಂದು ಕುಂತಾಗೊಮ್ಮೆ ಆ ಪಟೇಲ ಪಡಸಾಲ್ಯಾಗ ಹೇಳಿ ನಗ್ತಾನ."

ಮರುಕದಿಂದ ಹೇಳಿದ್ದಲ್ಲ ಅದು. ಪಟೇಲನ ಮೇಲಿನ ಹಗೆಯನ್ನು ಎಲ್ಲಾದರೂ ಕಾರಿಕೊಳ್ಳಬೇಕಿತ್ತು, ಸಿಕ್ಕವಳು ಜೈನಾಬೀ. ಹೇಳಿ ಎಮ್ಮೆ ಹೊಡೆದುಕೊಂಡು ಹೋದಳು. ಜೈನಾಬೀ ಸುಣ್ಣದ ಗಡಿಗೆಯನ್ನು ಅಲ್ಲೇ ಬಿಟ್ಟು, ಅಗಸಿಯ ದಾರಿ ತಪ್ಪಿಸಿ, ಹೊಲಗಳಲ್ಲೇ ಹಾಯ್ದು ತುರ್ವಿಹಾಳಕ್ಕೆ ನಡೆದಳು. ಮಗನ ಅರ್ಜಿಗಾಗಿ ಪಟೇಲನ ಮನೆಗೆ ಹೋದ ದಿನ ಅಗಸಿಯ ಆ ನೆಲ ತುಳಿದೇ ಹೋಗಿದ್ದಳು.

ಬೇಸಿಗೆ ರಜೆಗೆ ರಹಿಮಾನ್ ಮನೆಯಲ್ಲೇ ಇದ್ದ. ಎರಡು ವರ್ಷಕ್ಕೆ ಮೈ ತುಂಬಿತ್ತು, ಕನ್ನಡಕ ಬಂದಿತ್ತು. ದೊಡ್ಡ ಹಾಳೆ ಹರವಿಕೊಂಡು ಸೇತುವೆಯೊಂದರ ನಕ್ಷೆ ಬರೆಯುತ್ತಿದ್ದ. ಅವಳು ಎದುರಿಗೆ ಕೂತಳು. ಇನ್ನು ಮುಚ್ಚಿಡಲು ಅವಳ ಬಳಿ ಏನೂ ಉಳಿದಿರಲಿಲ್ಲ.

"ನಿಮ್ಮಪ್ಪನ್ನ ಕೊಂದಾವ ಹೊರಗಿನಾವ ಅಲ್ಲ," ಎಂದಳು. "ಅಮರಗುಂಡಪ್ಪ. ಪಟೇಲ. ನಾ ಕಣ್ಣಾರೆ ನೋಡೀನಿ."

ರಹಿಮಾನ್ ಪೆನ್ಸಿಲು ಕೆಳಗಿಟ್ಟ. ಅವನು ಕೂಗಾಡುವನೆಂದು, ಎದ್ದು ಓಡುವನೆಂದು ಅವಳು ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು.

"ಗೊತ್ತೈತಿ ಅಮ್ಮಾ," ಎಂದ.

ಅವಳಿಗೆ ಅರ್ಥವಾಗಲಿಲ್ಲ. "ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಸಜ್ಜಿ ಹೊಲದಾಗ ನೀ ನನ್ನ ಮಾರಿ ಒತ್ತಿ ಹಿಡದಿದ್ದಿ. ಕಿವಿ ಮುಚ್ಚಿರಲಿಲ್ಲ. ಮುಗಸ್ರಿ ಅಂದಾವ ಯಾರು ಅಂತ ನನಗ ಗೊತ್ತಾತು."

"ಗೊತ್ತಿದ್ದು ಅವನ ಮನ್ಯಾಗ ಚಹಾ ಕುಡದಿ?"

"ಕುಡದೆ."

"ಗೊತ್ತಿದ್ದು ನನ್ನ ಕಚೇರಿಗೆ ಕರಕೊಂಡು ಹೋದಿ. ನನ್ನ ಹೆಬ್ಬೆಟ್ಟು ಹಿಡದು ಒತ್ತಿಸಿದಿ."

ರಹಿಮಾನ್ ಕನ್ನಡಕ ತೆಗೆದು ಒರೆಸಿಕೊಂಡ. "ಗೊತ್ತೈತಿ ಅಂತ ಆವತ್ತ ಹೇಳಿದ್ರ ನೀ ಬರ್ತಿದ್ದೇನು? ಬರ್ತಿರಲಿಲ್ಲ. ನಾನೂ ನಿನ್ನ ಕರಕೊಂಡು ಹೋಗಾಕ ಆಗ್ತಿರಲಿಲ್ಲ. ಇಬ್ಬರೂ ಸುಮ್ಮನಿದ್ರನ ಆ ಕೆಲಸ ಆಗತಿತ್ತು. ಆತು."

ಲೆಕ್ಕದ ಉತ್ತರ ಹೇಳುವವನ ಹಾಗೆ ಹೇಳಿದ. ಅದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಎಂಟು ವರ್ಷ ಮಗನಿಂದ ಕಾಪಾಡಿಕೊಂಡು ಬಂದ ಮಾತು ಮಗನ ಹತ್ತಿರವೇ ಇತ್ತು, ಅವನು ಅದನ್ನು ಅವಳಿಗಿಂತ ಚೆನ್ನಾಗಿ ಬಳಸಿಕೊಂಡಿದ್ದ. ಹಗೇವಿನ ಸಂಗತಿ ಹೇಳಲು ಬಾಯಿ ತೆರೆದವಳು ಮುಚ್ಚಿದಳು. ಅದೂ ಇವನಿಗೆ ಗೊತ್ತಿದೆ ಎಂದುಬಿಟ್ಟರೆ ಏನು ಮಾಡುವುದು ಎಂದು ಹೆದರಿ, ಕೇಳದೆಯೇ ಎದ್ದಳು. ಅವನು ಮತ್ತೆ ಪೆನ್ಸಿಲು ಹಿಡಿದುಕೊಂಡ. ಗೆರೆ ಕೆಟ್ಟಿತು. ರಬ್ಬರಿನಿಂದ ಒರೆಸಿ ಮತ್ತೆ ಎಳೆದ.

ಜೂನಿನಲ್ಲಿ ಅವನು ಹೈದರಾಬಾದಿಗೆ ಹಿಂದಿರುಗಿದ. ಅವಳು ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮೋಟಾರು ನಿಲ್ಲುವಲ್ಲಿಗೆ ಬಾಬುಸಾಬ್ ಒಬ್ಬನೇ ಹೋದ. ನವೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವೇ ಮೂರು ಹೋಳಾಗಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲ ಮೈಸೂರಿಗೆ ಸೇರಿದವು. ಈ ಕಡೆಯ ಜನಕ್ಕೆ ಮುಲ್ಕಿ ಎಂಬ ಮಾತಿನಿಂದ ಆಗಬೇಕಾದದ್ದು ಏನೂ ಉಳಿಯಲಿಲ್ಲ. ಜಾಲಿಮರಡಿಯ ಹೊಲ ಬಾವಿ ಮಾತ್ರ ಪಟೇಲನ ಹೆಸರಿನಲ್ಲೇ ಉಳಿದವು. ಕಾಲುವೆಯ ನೀರು ಇನ್ನು ಕೆಲವೇ ದಿನದಲ್ಲಿ ಅಲ್ಲಿಗೂ ಬರುತ್ತದೆಂದು ಸುದ್ದಿಯಿತ್ತು.

ಆ ಚಳಿಗಾಲ ರಹಿಮಾನನಿಂದ ಕಾಗದ ಬಂತು. ಬಾಬುಸಾಬ್ ಓದಿ ಹೇಳಿದ. ಓದು ಇಲ್ಲೇ ಮುಗಿಸುತ್ತೇನೆ, ಕಾಲುವೆ ಇಲಾಖೆಯಲ್ಲಿ ಕೆಲಸ ಸಿಗುವುದು ಖಂಡಿತ, ಸಿಂಧನೂರಿನಲ್ಲಿ ಸರ್ಕಾರಿ ಮನೆ ಕೊಡುತ್ತಾರೆ, ಅಮ್ಮ ನನ್ನ ಜೊತೆಗೇ ಬಂದಿರಬೇಕು ಎಂದು ಬರೆದಿದ್ದ. ಜೈನಾಬೀ ಮುದಗಲ್ಲಿನ ಮದುವೆಯೊಂದಕ್ಕೆ ಕೌದಿ ಹೊಲಿಯುತ್ತಿದ್ದಳು, ಶುಕ್ರವಾರದೊಳಗೆ ಕೊಡಬೇಕಿತ್ತು.

"ಏನಂತ ಬರೀಲಿ?" ಎಂದ ಬಾಬುಸಾಬ್.

"ಚಲೋ ಓದು ಅಂತ ಬರಿ."

"ಮತ್ತ? ಅಲ್ಲಿ ಹೋಗಿ ಇರೋದು?"

"ನಾ ಇಲ್ಲೇ ಇರ್ತೀನಿ ಅಂತ ಬರಿ."

ಅವಳು ದಾರ ಕಚ್ಚಿ ಕತ್ತರಿಸಿ, ಬಟ್ಟೆಯನ್ನು ಬಾಗಿಲಿನ ಬೆಳಕಿಗೆ ಎಳೆದುಕೊಂಡಳು. ಬಾಬುಸಾಬ್ ತನ್ನ ಕಡೆಯಿಂದ ಸಲಾಮು ಸೇರಿಸಿ ಕಾಗದ ಮಡಚಿದ.